ಕೊನೆಯುಸಿರಿಗೆಂದು ಇಟ್ಟ ಬೇರು

ಶಿದಾವ್ ಬಂದರು,
೧೪ ಅಕ್ಟೋಬರ್ ೧೯೯೮

ಸ್ವೇಸ್ವೇಯ ಅಪ್ಪಾ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಒದ್ದೆ ಬೂಟಿನಲ್ಲೇ ಮಲಗಬೇಡಿ. ಈ ಪತ್ರ ನಿಮ್ಮ ಮೀನು ಹಡಗಿಗೆ ಸಾಮಾನು ಒಯ್ಯುವವರ ಕೈಯಲ್ಲಿ ಬರುತ್ತಿದೆ. ರೇಡಿಯೋದಲ್ಲಿ ಹೇಳಿಸಬಹುದಿತ್ತು, ಎಲ್ಲರೂ ಕೇಳುವ ಸುದ್ದಿಯಲ್ಲ ಇದು.

ಮಗಳು ಸ್ವೇಸ್ವೇಗೆ ಹುಷಾರಿಲ್ಲ. ಜ್ವರ ಬಿಟ್ಟ ಮೇಲೂ ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತಿತ್ತು. ವೈರಸ್ಸಿನಿಂದ ಹೃದಯಕ್ಕೆ ಉರಿಯೂತವಾಗಿದೆ ಎಂದರು ಡಾಕ್ಟರ್ ಚ್ಯೂ. ಮಾತ್ರೆಗಳ ಜೊತೆ ಆಸ್ಪತ್ರೆಯ ಗಿಡಮೂಲಿಕೆ ವಿಭಾಗದಿಂದಲೇ ಕಷಾಯದ ಪೊಟ್ಟಣಗಳನ್ನೂ ಕೊಟ್ಟು, ಹಾಸಿಗೆ ಬಿಟ್ಟು ಏಳಬಾರದು ಎಂದರು. ಅತ್ತೆ ಮಣ್ಣಿನ ಕುಡಿಕೆಯ ಮುಂದೆಯೇ ಕೂತುಬಿಟ್ಟರು. ನಾನು ಡಾಕ್ಟರ ಚೀಟಿ ಓದಿ ಅಳತೆ ಹೇಳಿದರೆ, "ನಿನ್ನ ಇಂಗ್ಲಿಷ್ ಪಾಠ ಶಾಲೇಲಿ ಇಟ್ಕೊ, ಇಲ್ಲಿ ಒಲೆ ಊದು" ಎನ್ನುತ್ತಿದ್ದರು. ಮಗಳು ಮೂಗು ಹಿಡಿದು, "ಅಜ್ಜೀ, ಇದು ನಿನ್ನ ಹಳೇ ಚಪ್ಪಲಿ ಸಾರು" ಎಂದು ರೇಗಿಸುತ್ತಲೇ ಕುಡಿಯುತ್ತಿದ್ದಳು. ಮುಖಕ್ಕೆ ತುಸು ಬಣ್ಣವೂ ಬಂದಿತ್ತು. ಆದರೆ ನಮಗೆ ಆ ತುಸು ಸಾಕಾಗಲಿಲ್ಲ.

ನಿಮ್ಮ ತಾತ ಚಾಂಗ್‌ಬಾಯ್ ಬೆಟ್ಟದಲ್ಲಿ ಅಗೆದು ತಂದ ಜಿನ್ಸೆಂಗ್ ಬೇರನ್ನು ಅತ್ತೆ ತಮ್ಮ ಕೊನೆಗಾಲಕ್ಕೆಂದು ಇಟ್ಟುಕೊಂಡಿದ್ದರಲ್ಲ, ನೀವು ಸಮುದ್ರದಿಂದ ಬಂದು ಮುಖ ತೋರಿಸುವವರೆಗೆ ಉಸಿರು ಹಿಡಿದಿಡಲು? ಸೋಮವಾರ ಅದಷ್ಟೂ ಕುಡಿಕೆಗೆ ಬಿತ್ತು. ಸಂಜೆಗೆ ಮಗುವಿನ ನಾಡಿ ಎಣಿಸಲಾಗದಂತೆ ಓಡಿತು. ಎರಡು ದಿನದಿಂದ ತೀವ್ರ ನಿಗಾ ಘಟಕದಲ್ಲಿದ್ದಾಳೆ, ಕಣ್ಣು ಬಿಟ್ಟಿಲ್ಲ. ಬೇರಿನಿಂದಲೋ, ರೋಗವೇ ಉಲ್ಬಣಿಸಿಯೋ, ಡಾಕ್ಟರಿಗೂ ಖಚಿತವಿಲ್ಲ. "ಯಾರ್ರೀ ಇದನ್ನ ಹಾಕಿದ್ದು?" ಎಂದು ಅವರು ಕುಡಿಕೆಯ ತಳದ ಬೇರಿನ ಚೂರು ತೋರಿಸಿ ಕೇಳಿದಾಗ ಅತ್ತೆ ಎದ್ದು ನಿಂತು, "ನಾನೇ ಕಣಮ್ಮ. ಸೊಸೆ ಶಾಲೆಗೆ ಹೋಗಿದ್ಲು, ಅವಳಿಗೇನೂ ಗೊತ್ತಿಲ್ಲ" ಎಂದರು. ಅಂದಿನಿಂದ ಹೊರಗಿನ ಬೆಂಚಿನ ಮೇಲೇ ಇದ್ದಾರೆ, ಗಂಜಿ ಕೂಡ ಮುಟ್ಟಿಲ್ಲ. ದಾದಿಯರು ಹಾದುಹೋಗುವಾಗ ಮುಖ ತಿರುಗಿಸುತ್ತಾರೆ.

ಅಲೆ ಜೋರಿದ್ದಾಗ ಅಂಚಿನಲ್ಲಿ ನಿಲ್ಲಬೇಡಿ. ನಮಗೆ ನೀವು ಬೇಕು.

ನಿಮ್ಮ
ಗ್ವೇಫನ್

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಸೋಮವಾರ ನಾನು ಶಾಲೆಗೆ ಹೋಗಿರಲಿಲ್ಲ. ಆ ಒಣಬೇರಿಗೆ ಅತ್ತೆಯ ಚಾಕು ಇಳಿಯಲಿಲ್ಲ. ಬೇರನ್ನು ಹೆಚ್ಚಿದವಳು ನಾನು. ಚೀಟಿಯಲ್ಲಿ ಅದಿಲ್ಲವೆಂದು ಗೊತ್ತಿದ್ದೂ ಹೆಚ್ಚಿದೆ. ಡಾಕ್ಟರ್ ಕೇಳಿದಾಗ ಸುಮ್ಮನಿದ್ದೆ. ಈಗ ಹೋಗಿ ಹೇಳುತ್ತೇನೆ. ನನ್ನನ್ನೇಕೆ ಉಳಿಸಿದಿರಿ ಎಂದು ಅತ್ತೆಯನ್ನು ಕೇಳಿದೆ. "ಮಗೂನ ಹತ್ರ ಒಬ್ಬರನ್ನೇ ಬಿಡ್ತಾರಂತೆ ಕಣೇ. ನಿನ್ನ ಹೆಸರು ಹೇಳಿದ್ರೆ ಹೆತ್ತವಳನ್ನ ಒಳಗೆ ಬಿಡ್ತಿದ್ರಾ?" ಎಂದರು.