ನಾನು ತೊಳೆದ ಬಾಟಲಿಗಳು

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಇವರಿಗೆ,

ಮದುವೆಯಾಗಿ ಹದಿನಾರು ವರ್ಷ ಆದರೂ ಕಾಗದದಲ್ಲಿ ನಿಮ್ಮನ್ನು ಏನಂತ ಕರೀಬೇಕೋ ಗೊತ್ತಾಗಿಲ್ಲ, ನಗಬೇಡಿ. ಹೇಗಿದ್ದೀರಿ? ಕೆಮ್ಮು ಹೇಗಿದೆ? ಬಿಸಿನೀರು ಕೇಳಿ ಇಸ್ಕೊಂಡು ಕುಡೀತಿದ್ದೀರಾ, ಇಲ್ಲ ಕೇಳೋಕೆ ಸಂಕೋಚ ಅಂತ ತಣ್ಣೀರೇ ಕುಡಿದು ಮಲಗ್ತಿದ್ದೀರಾ? ನಿಮ್ಮ ಸಂಕೋಚ ನನಗೆ ಗೊತ್ತಿಲ್ವಾ. ಸೋಮವಾರದಿಂದ ನಿಮ್ಮ ಫೋನು ಆಫ್. ವಿಚಾರಣೆಗೆ ಅಂತ ನಿಮ್ಮನ್ನು ಇರಿಸಿರೋ ಹಾಸ್ಟೆಲಿನ ವಾಚ್‌ಮನ್‌ಗೆ ಫೋನ್ ಮಾಡಿದರೆ, ಅವರು ಯಾರ ಜೊತೆಗೂ ಮಾತಾಡಲ್ಲ ಅಂದಿದ್ದಾರಮ್ಮ ಅಂತಾನೆ. ಯಾರ ಜೊತೆಗೂ ಅಂದರೆ ನನ್ನ ಜೊತೆಗೂನಾ? ತುಂಬಾ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಈ ಕಾಗದ ಹಿಡಿದು ಕೂತೆ. ನಿಮ್ಮ ಕೊಳಚೆ ನೀರಿನ ಘಟಕಕ್ಕೆ ಆಲಂ ಚೀಲ ತರೋ ಲಾರಿ ಡ್ರೈವರಣ್ಣ ಸಂಜೆ ಆರಕ್ಕೆ ಹೊರಡ್ತಾನಂತೆ. ನಾಳೆ ಬೆಳಿಗ್ಗೆ ನಿಮ್ಮ ಕೈಗೇ ಕೊಡ್ತೀನಿ ಅಂದಿದ್ದಾನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ ಅಂತ ಬರೆಯೋದು ವಾಡಿಕೆ, ಬರೆದಿದ್ದೀನಿ. ಅತ್ತೆ ಬಿ.ಪಿ. ಮಾತ್ರೆ ನುಂಗೋದಕ್ಕೆ ಚಿಕ್ಕ ಮಗುವಿನ ಥರ ಹಟ ಮಾಡ್ತಾರೆ. ನೀವು ಟ್ರೈನಿಂಗಿಗೆ ಹೋಗಿದ್ದೀರಿ ಅಂತ ಹೇಳಿದ್ದೀನಿ. ಟ್ರೈನಿಂಗಿಗೆ ಹೋಗೋನು ಯಾಕೆ ಮುಖ ಸಣ್ಣ ಮಾಡಿಕೊಂಡು ಹೋದ ಅಂತ ಕೇಳಿದರು, ಒಲೆ ಮೇಲೆ ಹಾಲಿದೆ ಅಂತ ಅಡುಗೆಮನೆಗೆ ಬಂದುಬಿಟ್ಟೆ. ಮಗಳಿಗೆ ಗಣಿತದಲ್ಲಿ ಕ್ಲಾಸಿಗೇ ಎರಡನೇ ಸ್ಥಾನ. ಆದರೆ ಶಾಲೆಯಲ್ಲಿ ಯಾರೋ ಏನೋ ಅಂದಿದ್ದಾರೆ, ಎರಡು ದಿನದಿಂದ ಡಬ್ಬಿಯಲ್ಲಿ ಹಾಕಿದ ಊಟ ಹಾಗೇ ವಾಪಸ್ ಬರ್ತಿದೆ. ಕೇಳಿದರೆ ಹಸಿವಿಲ್ಲ ಅಂತಾಳೆ. ಮೀನಿನ ಅಂಗಡಿಯವನಂತೂ ನನ್ನ ಮುಖ ಕಂಡ ಕೂಡಲೇ, ಕೆರೆ ಹಸಿರು ಪಾಚಿ ಕಟ್ಟಿ ನಾರೋದೆಲ್ಲ ನಿಮ್ಮ ಯಜಮಾನರ ದಯೆ ಕಣಮ್ಮ ಅಂದ. ಕೆರೆ ತಳದ ಕೆಸರಿನಲ್ಲಿ ಇಪ್ಪತ್ತು ವರ್ಷದ ಕೊಳಚೆ ಕೂತಿದೆ, ಒಂದೇ ಸಲಕ್ಕೆ ತಿಳಿಯಾಗಲ್ಲ ಅಂತ ನೀವು ಹೇಳಿದ್ದು ಬಾಯಿತನಕ ಬಂತು. ಅವನ ಹತ್ತಿರ ಏನು ವಾದ ಅಂತ ಮೀನು ಕೊಳ್ಳದೆಯೇ ಬಂದೆ.

ನಿನ್ನೆ ನಿಮ್ಮ ಇಂಜಿನಿಯರ್ ಸಾಹೇಬರು ಫೋನ್ ಮಾಡಿದ್ದರು. ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ ಅಂತೆ. 'ಆಲಂ ಸರಿಯಾಗಿ ಹಾಕಲಿಲ್ಲ, ಉಳಿಸಿಕೊಂಡ ಚೀಲ ಹೊರಗೆ ಮಾರಿದೆ' ಅಂತ ನೀವು ಒಪ್ಪಿ ಬರೆದುಕೊಟ್ಟರೆ ವರ್ಗಾವಣೆಯಲ್ಲಿ ಮುಗಿಸ್ತಾರಂತೆ, ಇಲ್ಲದಿದ್ದರೆ ಕೆಲಸವೇ ಹೋಗುತ್ತಂತೆ. ನಿಮ್ಮ ಯಜಮಾನರು ಅರ್ಧ ಒಪ್ಪಿದ್ದಾರೆ, ನೀವೂ ಸ್ವಲ್ಪ ಬುದ್ಧಿ ಹೇಳಿ ಅಂದರು. ಅರ್ಧ ಒಪ್ಪೋದು ಅಂದರೇನು ಅಂತ ನನಗೆ ಅರ್ಥವಾಗಲಿಲ್ಲ. ಅವರ ತರ್ಕ ಹೀಗೆ: ಹೊಸ ನಿಯಮದ ಪ್ರಕಾರ ಘಟಕದಿಂದ ಕೆರೆಗೆ ಬಿಡೋ ನೀರಿನಲ್ಲಿ ಪಾಚಿ ಬೆಳೆಸೋ ಫಾಸ್ಫರಸ್ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚಿರಬಾರದು, ಅದನ್ನು ಇಳಿಸೋಕೇ ಆಲಂ ಹಾಕೋದು. ಎಂಟು ತಿಂಗಳು ನೀವು ಲ್ಯಾಬಿಗೆ ಕಳಿಸಿದ ಬಾಟಲಿಗಳಲ್ಲಿ ನಾಲ್ಕು, ಐದು ಅಂತ ಬಂತು. ನಿಮಗೆ ನೋಟೀಸ್ ಬಂದ ಮೇಲೆ ಅವರೇ ಸೀಲ್ ಮಾಡಿದ ಬಾಟಲಿ ತಂದು ನೀರು ಹಿಡಿದರು, ಎರಡು ವಾರವೂ ಒಂದಕ್ಕಿಂತ ಕಡಿಮೆ. ಅಂದರೆ ಭಯ ಬಿದ್ದ ಮೇಲೆ ಆಲಂ ಹಾಕೋಕೆ ಶುರು ಮಾಡಿದ್ದಾನೆ, ಅಲ್ಲಿಯವರೆಗೆ ಮಾರಿಕೊಂಡಿದ್ದಾನೆ ಅಂತ ಅವರ ತೀರ್ಮಾನ. ಸುಳ್ಳು ಯಾಕೆ ಹೇಳಲಿ, ಒಂದು ಮಧ್ಯಾಹ್ನ ನನಗೂ ಅನುಮಾನ ಬಂತು. ನೀವು ಸ್ನಾನಕ್ಕೆ ಹೋದಾಗ ಅಂಗಿ ಜೇಬು ಹುಡುಕಿದೆ. ಎರಡು ಬಸ್ ಟಿಕೆಟ್ಟು, ಮಗಳ ಮೋಟು ಪೆನ್ಸಿಲ್ ಸಿಕ್ಕಿತು. ನಾಚಿಕೆಯಿಂದ ಸತ್ತುಹೋಗೋ ಹಾಗಾಯಿತು.

ಈಗ ಹೇಳಬೇಕಾದ್ದು ಹೇಳ್ತೀನಿ, ಕೂತುಕೊಂಡು ಓದಿ. ಸೋಮವಾರ ಬೆಳಿಗ್ಗೆ ನೀರು ಪರೀಕ್ಷೆ ಮಾಡೋ ಲ್ಯಾಬಿನ ಕೆಮಿಸ್ಟ್ ಹುಡುಗಿ ಘಟಕದ ಕಪಾಟಿನ ಕೀ ಕೇಳಿಕೊಂಡು ಮನೆಗೆ ಬಂದಳು. ಚಹಾ ಕೊಟ್ಟೆ. ಒಳ್ಳೆ ಹುಡುಗಿ, ನಮ್ಮ ಮಗಳ ಹಾಗೇ ಬಾಯಿ ಬಿಟ್ಟರೆ ನಿಲ್ಲಿಸಲ್ಲ. ಅವಳ ಚೀಲದಲ್ಲಿ ಖಾಲಿ ಬಾಟಲಿಗಳಿದ್ದವು. ಒಂದಕ್ಕೆ ಮಣ್ಣು ಮೆತ್ತಿತ್ತು. ಕೊಡಮ್ಮ ತೊಳೆದುಕೊಡ್ತೀನಿ ಅಂತ ಪಾತ್ರೆ ಪುಡಿ ಕೈಗೆ ತಗೊಂಡೆ. ಅವಳು ಹಾವು ಕಂಡ ಹಾಗೆ ಬಾಟಲಿ ಕಿತ್ತುಕೊಂಡಳು. "ಆಂಟಿ, ಇದಕ್ಕೆ ಸೋಪು ಸೋಕಿಸಬಾರದು. ಆ ಪುಡಿಯಲ್ಲೇ ಫಾಸ್ಫರಸ್ ಇರುತ್ತೆ. ಆಸಿಡ್‌ನಲ್ಲೇ ತೊಳೀಬೇಕು" ಅಂದಳು. ಪುಡಿ ಹಿಡಿದ ಕೈ ಹಾಗೇ ನಿಂತಿತು.

ನೆನಪಿದೆಯಲ್ಲ, ಆ ಆಸಿಡ್ ವಾಸನೆಗೆ ಕೆಮ್ಮು ಬಂದು ನೀವು ನಿದ್ದೆಯಿಲ್ಲದೆ ಒದ್ದಾಡೋವಾಗ, ಬಾಟಲಿಗಳನ್ನು ಮನೆಗೆ ತನ್ನಿ ನಾನು ತೊಳೀತೀನಿ ಅಂದಿದ್ದು ನಾನೇ. ನೀವು ಬೇಡ ಅಂದಿರಿ, ನಾನು ಬಿಡಲಿಲ್ಲ. ಬರೀ ನೀರಲ್ಲಿ ನಾಲ್ಕು ಸಲ ಜಾಲಾಡಿಸು ಸಾಕು ಅಂದಿದ್ದಿರಿ. ಕೊಳಚೆ ನೀರು ಹಿಡಿಯೋ ಬಾಟಲಿ, ಅಡುಗೆಮನೆ ಕಟ್ಟೆ ಮೇಲೆ ಇಡಬೇಕು, ಬರೀ ನೀರಲ್ಲಿ ತೊಳೆದರೆ ನನ್ನ ಮನಸ್ಸು ಒಪ್ಪುತ್ತಾ? ಪಾತ್ರೆ ಪುಡಿ ಹಾಕಿ ಉಜ್ಜಿದೆ. ಅಷ್ಟಕ್ಕೂ ಬಿಡಲಿಲ್ಲ. ವಾಸನೆ ಮತ್ತೆ ಬರಬಾರದು ಅಂತ ಕೊನೆಗೆ ಚಿಟಿಕೆ ಪುಡಿ ಕದಡಿದ ನೀರನ್ನು ಒಳಗೆಲ್ಲ ಆಡಿಸಿ, ಚೆಲ್ಲಿ, ಹಾಗೇ ಮಗುಚಿ ಒಣಗಿಸ್ತಿದ್ದೆ. ನಿಂಬೆಹಣ್ಣಿನ ಪರಿಮಳ ಬರ್ತಿತ್ತು. ಎಂಟು ತಿಂಗಳೂ ಹೀಗೇ. ನಿಮಗೆ ಹೇಳಲಿಲ್ಲ, ಅದರಲ್ಲಿ ಹೇಳೋದೇನಿದೆ ಅಂತ.

ಹುಡುಗಿಗೆ ಬಾಯಿ ಬಿಡಲಿಲ್ಲ. ಆದರೆ ನಾನು ತೊಳೆದಿಟ್ಟ ಒಂದು ಬಾಟಲಿ ಅಟ್ಟದ ಮೇಲೆ ಉಳಿದಿತ್ತು. ಅದಕ್ಕೆ ಬಿಂದಿಗೆಯಿಂದ ಕುಡಿಯೋ ನೀರು ತುಂಬಿ, ನಮ್ಮ ಬೀದಿ ಕೊಳಾಯಿ ನೀರಿನ ಮೇಲೆ ಸ್ವಲ್ಪ ಅನುಮಾನ, ಇದನ್ನೂ ನೋಡಿಕೊಡಮ್ಮ ಅಂದೆ. ಇವತ್ತು ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದಳು. "ಆಂಟಿ, ಫಾಸ್ಫರಸ್ ನಾಲ್ಕೂವರೆ ಬಂದಿದೆ. ಕೊಳಚೆ ಸೇರಿರಬಹುದು. ಯಾವುದಕ್ಕೂ ಆ ನೀರು ಕುಡೀಬೇಡಿ." ಅದೇ ಬಿಂದಿಗೆಯಿಂದ ಒಂದು ಲೋಟ ಬಗ್ಗಿಸಿ ಗಟಗಟ ಕುಡಿದೆ. ನೀರಿನಲ್ಲಿ ಏನೂ ಇಲ್ಲ, ಇದ್ದದ್ದೆಲ್ಲ ನಾನು ತೊಳೆದ ಬಾಟಲಿಯಲ್ಲೇ ಅಂತ ನಗು ಬಂತು, ಅದರ ಹಿಂದೆಯೇ ಭಯವೂ ಬಂತು.

ಯಾಕೆ ಅಂದರೆ, ಇದನ್ನು ಹೇಳಿದರೆ ನೀವು ಕಳ್ಳ ಅಲ್ಲ ಅಂತ ಆಗುತ್ತೆ. ಆದರೆ ಪ್ರತಿ ವಾರ ರಿಜಿಸ್ಟರಿನಲ್ಲಿ 'ಬಾಟಲಿಗಳನ್ನು ಆಸಿಡ್‌ನಲ್ಲಿ ತೊಳೆಯಲಾಗಿದೆ' ಅಂತ ಸಹಿ ಹಾಕಿದ್ದೀರಲ್ಲ, ಅದು ಸುಳ್ಳು ಅಂತಲೂ ಆಗುತ್ತೆ. ಒಂದರಿಂದ ಬಿಡಿಸೋಕೆ ಹೋಗಿ ಇನ್ನೊಂದಕ್ಕೆ ಸಿಕ್ಕಿಸಿಬಿಟ್ಟರೆ? ಸುಳ್ಳು ಸಹಿಗೂ ಕೆಲಸ ಹೋಗುತ್ತಾ? ಯಾರನ್ನು ಕೇಳಲಿ? ಊರೆಲ್ಲ ಏನಂದೀತು, ಹೆಂಡತಿ ಪಾತ್ರೆ ತೊಳೆದು ಗಂಡನ ಕೆಲಸ ಕಳೆದಳು ಅಂತ. ಅದು ಬಿಡಿ, ಅಂದುಕೊಳ್ಳಲಿ. ನೀವು ಏನಂತೀರೋ ಅನ್ನೋದೇ ನನ್ನ ಭಯ. ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ. ನಾಳೆ ಈ ಕಾಗದ ಓದಿದ ಕೂಡಲೇ ಫೋನ್ ಮಾಡಿ. ನೀವು ಹೇಳು ಅಂದರೆ ಹೇಳ್ತೀನಿ, ಬೇಡ ಅಂದರೆ ಬಾಯಿಗೆ ಬೀಗ ಹಾಕಿಕೊಳ್ತೀನಿ. ಇಷ್ಟು ವರ್ಷವೂ ನಿಮ್ಮ ಮಾತು ಕೇಳಿಯೇ ನಡೆದಿದ್ದೀನಿ, ಬಾಟಲಿ ವಿಷಯ ಒಂದು ಬಿಟ್ಟು.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ. ಮಫ್ಲರ್ ಸುತ್ತಿಕೊಳ್ಳಿ. ಯಾರು ಏನೇ ಅಂದರೂ ಹೊಟ್ಟೆ ತುಂಬ ಊಟ ಮಾಡಿ.

ಇಂತಿ ನಿಮ್ಮ,
ಮನೆಯವಳು

ಮರೆತ ಮಾತು, ಸಂಜೆ ಐದೂವರೆ: ಡ್ರೈವರಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೀತಿದ್ದೀನಿ. ನಾಲ್ಕು ಗಂಟೆಗೆ ಆ ಹುಡುಗಿ ನೀರು ಸರಬರಾಜಿನವರನ್ನು ಕರಕೊಂಡು ಬಂದಳು, ಬೀದಿ ಕೊಳಾಯಿ ಬಂದ್ ಮಾಡೋಕೆ. ಬಾಟಲಿ ಕೊಳೆಯಾಗಿತ್ತೇನೋ ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗೀತಿತ್ತು. ಅನ್ನೋಕೆ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ, ಪುಡಿ ಡಬ್ಬಿ ತೋರಿಸಿದೆ. ಹುಡುಗಿ ಅಲ್ಲೇ ಕೂತು ಬರೆದುಕೊಂಡಳು. ರಿಜಿಸ್ಟರಿನ ಸಹಿ ಬಗ್ಗೆ ಕೇಳಿದಳು. ಅದು ಸುಳ್ಳು ಅಂತಲೂ ಹೇಳಿ, ಕೆಳಗೆ ನನ್ನ ಸಹಿ ಹಾಕಿದೆ. ನಿಮ್ಮನ್ನು ಕೇಳಲಿಲ್ಲ. ಸುಳ್ಳು ಸಹಿಗೆ ಏನು ಶಿಕ್ಷೆ ಕೊಡ್ತಾರೋ ಕೊಡಲಿ, ಅದು ನಾವು ಮಾಡಿದ್ದು. ಕಳ್ಳತನ ನಾವು ಮಾಡಿದ್ದಲ್ಲ, ಅದಕ್ಕೆ ಸಹಿ ಹಾಕಬೇಡಿ. ಶುಕ್ರವಾರ ಆ ಹುಡುಗಿ ಜೊತೆ ಮೊದಲ ಬಸ್ಸಿಗೆ ಬರ್ತಿದ್ದೀನಿ. ಹನ್ನೊಂದಕ್ಕೆ ಸ್ವಲ್ಪ ತಡವಾಗಬಹುದು. ನಾನು ಒಳಗೆ ಬರೋವರೆಗೂ ಪೆನ್ನು ಮುಟ್ಟಬೇಡಿ.