ಮೊದಲ ಹಾಲು ಯಾರಿಗೆ

ಹುಂಚ,
14 ನವೆಂಬರ್ 2024, ಗುರುವಾರ

ಪ್ರೀತಿಯ ಅತ್ತೆಗೆ ಪ್ರತಿಮಾ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಬಾಣಂತಿ ಮಗಳು ಸುಮನಾಗೆ ಮಗು ನಿದ್ದೆ ಮಾಡಲು ಬಿಡುತ್ತದಾ? ತೀರ್ಥಹಳ್ಳಿಯ ನೀರು ನಿಮಗೆ ಒಗ್ಗುವುದಿಲ್ಲ, ಕಾಯಿಸಿಯೇ ಕುಡಿಯಿರಿ.

ಮಂಗಳವಾರ ಬೆಳಿಗ್ಗೆ ನಮ್ಮ ಗೌರಿ ಹೆಣ್ಣು ಕರು ಹಾಕಿದಳು. ಸಂತೋಷಪಡಲು ಮಾವ ಎಲ್ಲಿ ಬಿಟ್ಟರು? ಕರು ತಡವರಿಸುತ್ತ ಎದ್ದು ಕೆಚ್ಚಲು ಹುಡುಕುತ್ತಿದ್ದರೆ ಎಳೆದು ಕಂಬಕ್ಕೆ ಕಟ್ಟಿದರು. ಹಸುವಿನ ಮಾಸು ಬೀಳುವ ತನಕ ಕರುವಿಗೆ ಹಾಲು ಕೊಡಬಾರದಂತೆ. ಅದು ಸಂಜೆಗೆ ಬಿದ್ದರೆ ಸಂಜೆಯವರೆಗೂ ಉಪವಾಸ. ಆಮೇಲೆ ಮೊದಲ ಹಾಲೆಲ್ಲ ಗಿಣ್ಣಾಗಿ ನೆರೆಯ ಹೂವಮ್ಮನ ಮನೆ, ಕೆರಿಯಮ್ಮನ ಮನೆ ಎಂದು ಊರು ಸುತ್ತಬೇಕು. ಕರು ಕುಡಿದರೆ ಮಾತ್ರ ಭೇದಿ ಎಂಬ ಹೆದರಿಕೆ. ಹೋದ ವರ್ಷದ ಕರು ಇದೇ ನೇಮದಲ್ಲಿ ಭೇದಿಯಾಗಿ ನನ್ನ ಮಡಿಲಲ್ಲೇ ಹೋಯಿತಲ್ಲ, ನೀವೂ ಅತ್ತಿರಿ. ಹುಟ್ಟಿದ ಕೂಡಲೇ ಕುಡಿದ ಹಾಲೇ ಅದಕ್ಕೆ ರೋಗ ತಡೆಯುವ ಶಕ್ತಿ ಎಂದು ದನದ ಡಾಕ್ಟರಮ್ಮ ಅಂದೇ ಹೇಳಿದ್ದರು. ಯಾರ ಕಿವಿಗೆ ಬಿತ್ತು?

ನಿಮ್ಮ ಮಗನನ್ನು ಕೇಳಿದರೆ, ಅಪ್ಪಯ್ಯನಿಗೆ ಎದುರಾಡುವುದಿಲ್ಲ ಎಂದು ಬೈಕ್ ಹತ್ತಿ ರಿಪ್ಪನ್‌ಪೇಟೆಗೆ ಹೊರಟೇಬಿಟ್ಟರು. ಡೇರಿಯಲ್ಲಿ ಫ್ಯಾಟ್ ಕಡಿಮೆ ಬಂದ ದಿನ ಮಾತ್ರ ಈ ಮನೆಯಲ್ಲಿ ಎಲ್ಲರಿಗೂ ಬಾಯಿ ಬರುತ್ತದೆ. ಸಗಣಿ ಬಾಚಲು ನಾನು, ಹುಲ್ಲು ಹೊರಲು ನಾನು. ಕರುವಿನ ಬಾಯಿಗೆ ಏನು ಹೋಗಬೇಕು ಎಂದು ಹೇಳಹೊರಟರೆ ನಾನು ನಿನ್ನೆ ಮೊನ್ನೆ ಬಂದ ಸೊಸೆ. ಸಿಟ್ಟು ಬಂದಿದೆ ಅತ್ತೆ, ಮುಚ್ಚಿಡುವುದಿಲ್ಲ. ಮಾವನದು ನಿಮ್ಮ ಹೆಸರು ಹಿಡಿದು ಒಂದೇ ಮಾತು: "ಯಮುನಾ ಇದ್ದಿದ್ರೆ ಒಪ್ತಿದ್ಲಾ?"

ಕೊನೆಗೆ ನಾನೇ ಹಗ್ಗ ಬಿಚ್ಚಿದೆ. ಕರು ಹೊಟ್ಟೆ ತುಂಬ ಕುಡಿಯಿತು. ಮಧ್ಯಾಹ್ನದೊಳಗೆ ಮಾಸೂ ಬಿತ್ತು. ಈಗ ಕರು ಚುರುಕಾಗಿದೆ, ಹತ್ತಿರ ಹೋದರೆ ನನ್ನ ಸೆರಗು ಚೀಪುತ್ತದೆ. ಗಿಣ್ಣು ಬರಲಿಲ್ಲವೆಂದು ಹೂವಮ್ಮ ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ. ಮಾವ ಅಂದಿನಿಂದ ನನ್ನೊಡನೆ ಹೆಚ್ಚು ಮಾತಾಡಿಲ್ಲ. ಆದರೆ ಕರುವನ್ನು ಮತ್ತೆ ಕಟ್ಟಲೂ ಇಲ್ಲ.

ಮೊಮ್ಮಗುವಿಗೆ ದೃಷ್ಟಿ ತೆಗೆಯಿರಿ, ಸುಮನಾಗೆ ನನ್ನ ನೆನಪು ಹೇಳಿ. ನನ್ನ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಪ್ರತಿಮಾ

ತಾ.ಕ.: ಬರೆಯಲು ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಕಾಗದ ಬರೆದದ್ದೇ ಇದಕ್ಕೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕಿಯೇ ಮಾತಾಡುವವರು, ಬೀಗರೆಲ್ಲ ಕೇಳುತ್ತಾರೆ. ಹಾಗಾಗಿ ಇದನ್ನು ಬಸ್ಸಿನ ಕಂಡಕ್ಟರ್ ಗಣೇಶನ ಕೈಲಿ ಕಳಿಸುತ್ತಿದ್ದೇನೆ. ಹಗ್ಗ ಬಿಚ್ಚುವಾಗ ಮಾವನಿಗೆ, "ಅತ್ತೇನೇ ಫೋನ್ ಮಾಡಿ ಕುಡ್ಸು ಅಂದ್ರು" ಎಂದುಬಿಟ್ಟೆ. ಭಾನುವಾರ ಮಗುವನ್ನು ನೋಡಲು ಬಂದಾಗ ಅವರು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಹೌದು ಅನ್ನಿ ಅತ್ತೆ. ಕೆಂಪಿಯೂ ಈ ತಿಂಗಳಲ್ಲೇ ಕರು ಹಾಕುತ್ತಾಳೆ.