ಬೇರೆ ಬಂದೂಕಿನ ಬೋಲ್ಟ್

ಅಪ್ಪಾ,

ನಿಮ್ಮ ಯುದ್ಧದ ಬಂದೂಕನ್ನು ಇವತ್ತು ಮ್ಯೂಸಿಯಮ್ಮಿಗೆ ಕೊಟ್ಟು ಬಂದೆ. ನೀವಿದ್ದಿದ್ದರೆ ನನ್ನನ್ನು ಅದರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಭಾನುವಾರ ಬಂತೆಂದರೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗುಂಡು ತುಂಬಲು ಹಿಂದೆಮುಂದೆ ಎಳೆಯುವ ಆ ಬೋಲ್ಟನ್ನು ಹೊರತೆಗೆದು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ಆ ಕಬ್ಬಿಣದ ತುಂಡನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನನ್ನ ತಲೆಗೆ ನೀವು ಒಂದು ದಿನವೂ ಎಣ್ಣೆ ಹಚ್ಚಿದವರಲ್ಲ.

ಮ್ಯೂಸಿಯಮ್ಮಿನವನು ಬೋಲ್ಟಿನ ನಂಬರನ್ನೂ ಬಂದೂಕಿನ ನಂಬರನ್ನೂ ಮತ್ತೆ ಮತ್ತೆ ನೋಡಿದ.

"ಎರಡೂ ಒಂದೇ ಇರ್ಬೇಕಿತ್ತು. ಇದು ಬೇರೆ ಬಂದೂಕಿಂದಮ್ಮಾ. ಪಕ್ಕಪಕ್ಕ ಕೂತು ಒರೆಸ್ತಾ ಇಬ್ಬರು ಸಿಪಾಯಿಗಳದು ಅದಲುಬದಲಾಗಿರುತ್ತೆ. ಗೊತ್ತಾದ ತಕ್ಷಣ ವಾಪಸ್ ಕೊಡ್ತಾರೆ. ನಿಮ್ಮ ತಂದೆ ಕೊಡೋಣ ಅಂದ್ರೆ ಆ ಜೊತೆಗಾರನೇ ಉಳಿದಿರಲಿಲ್ವೇನೋ."

ಅಂದರೆ ಇಷ್ಟು ವರ್ಷ ನೀವು ಒರೆಸಿದ್ದು ಅವನನ್ನು. ಮನೆಯಲ್ಲಿ ಒಮ್ಮೆಯಾದರೂ ಅವನ ಹೆಸರು ಎತ್ತಬಾರದಿತ್ತೇ? ಕಬ್ಬಿಣದ ಜೊತೆಗಾದರೆ ಜಗಳ ಆಡಬಹುದಿತ್ತು. ನಾನು ಹುಟ್ಟುವ ಮೊದಲೇ ಹೋದವನ ಜೊತೆ ಹೇಗೆ ಆಡಲಿ?

"ನಮ್ಮಲ್ಲಿ ಬಿಡಿ ಬೋಲ್ಟ್ ಇದೆ. ಇದನ್ನ ತೆಗೆದು ಅದನ್ನ ಹಾಕ್ಲಾ?" ಎಂದು ಕೇಳಿದ.

"ಹಾಕಿ" ಅಂದುಬಿಟ್ಟೆ. ಅವನು ಕಪಾಟಿನ ಬಾಗಿಲು ತೆಗೆಯುತ್ತಿದ್ದಂತೆ ತಡೆಯಲಾಗಲಿಲ್ಲ. "ಬೇಡ, ಅದು ಅಲ್ಲೇ ಇರ್ಲಿ" ಎಂದು ಕೂಗಿದೆ.

ನಿಮ್ಮಿಬ್ಬರನ್ನೂ ಒಟ್ಟಿಗೇ ಬಿಟ್ಟು ಬಂದಿದ್ದೇನೆ, ಅಪ್ಪಾ. ಗಾಜಿನ ಪೆಟ್ಟಿಗೆಯಲ್ಲಿ ಜೊತೆಗಿಡಲು ನಿಮ್ಮ ಎಣ್ಣೆ ಬಟ್ಟೆಯನ್ನೂ ಕೇಳಿದ. ಕಳೆದುಹೋಗಿದೆ ಅಂದೆ, ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.